ಕೊಂಡ ಎಲೆ, ಹಂಚಿದ ಎಲೆ

ಇಸ್ಪೀಟೆಲೆಯ ಹೆಸರೆತ್ತಿದರೆ ನಮ್ಮ ಕಡೆಯ ಹಿರಿಯರು ಮುಖ ತಿರುಗಿಸುವರು. ಅವರ ತಪ್ಪೇನೂ ಇಲ್ಲ. ಜಾತ್ರೆಯ ಹಿಂಬದಿಯಲ್ಲಿ ನಡೆಯುವ ಅಂದರ್-ಬಾಹರ್ ಎಷ್ಟು ಮನೆಗಳ ಹಂಡೆ ಕೊಪ್ಪರಿಗೆಗಳನ್ನು ಗಿರವಿ ಅಂಗಡಿಗೆ ಕಳುಹಿಸಿದೆಯೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದುದರಿಂದ ಕಾಲೇಜಿನ ವಾರ್ಷಿಕ ಸಂಚಿಕೆಗೆ ಎಲೆಯಾಟದ ಪಂದ್ಯವೊಂದನ್ನು ಕುರಿತು ಬರೆಯುವೆನೆಂದಾಗ ಸಂಪಾದಕ ಮಿತ್ರರು ಹುಬ್ಬು ಗಂಟಿಕ್ಕಿದ್ದು ಸಹಜವೇ. ನಾನು ಹೇಳಹೊರಟಿರುವ ಆಟದಲ್ಲಿ ಕಾಸಿನ ಮಾತೇ ಇಲ್ಲವೆಂದು ಅವರಿಗೆ ಭರವಸೆ ಕೊಟ್ಟೆ. ಹಾಗೆ ಹೇಳಿದ್ದು ಪೂರ್ತಿ ಸತ್ಯವಲ್ಲ. ಕಾಸಿನ ಮಾತು ಬಂದದ್ದರಿಂದಲೇ ನಾವು ಈ ಆಟಕ್ಕೆ ಬಂದು ಸೇರಿದೆವು.

ನಂಜನಗೂಡಿನಲ್ಲಿ ನನ್ನ ಸೋದರಮಾವನ ಮನೆಯಿದೆ. ಅವರ ಕಿರಿಯ ಮಗ ಏಳನೆಯ ತರಗತಿಯ ಹುಡುಗ. ಅವನ ಬಳಿ ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಪೋಕೆಮಾನ್ ಎಲೆಗಳಿವೆ. ಕಳೆದ ಬೇಸಗೆ ರಜೆಯಲ್ಲಿ ಅವನು ನನ್ನನ್ನು ಕೂರಿಸಿಕೊಂಡು ಆಟ ಕಲಿಸಿದನು. ಕಲಿಯಲು ನಾನು ಎರಡು ದಿನ ತೆಗೆದುಕೊಂಡೆ. ಅವನಿಗೆ ನನ್ನ ಮಂದಬುದ್ಧಿಯ ವಿಷಯದಲ್ಲಿ ಬಹಳ ಬೇಸರವಾಯಿತು.

ಈ ಜಾತಿಯ ಆಟಗಳಿಗೆ ಹೆಚ್ಚು ವಯಸ್ಸಾಗಿಲ್ಲ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ರಚಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬುದೇ ಇವುಗಳಿಗೆ ಮೂಲ. ಪೋಕೆಮಾನ್ ಎಲೆಗಳು ಜಪಾನಿನಲ್ಲಿ 1996ರಲ್ಲಿ ಬಂದವು. ನಾವು ಕಂಡಿದ್ದ ಎಲೆಯಾಟಗಳಿಗೂ ಇವಕ್ಕೂ ಒಂದು ಮುಖ್ಯ ಭೇದವಿದೆ. ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಟ್ಟು, ಕಲೆಸಿ ಹಂಚುವುದು. ಇಲ್ಲಿ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರಬೇಕು. ಪೋಕೆಮಾನಿನಲ್ಲಿ ಕಟ್ಟಿಗೆ 60 ಎಲೆ. ಶಕ್ತಿಯ ಸಾಮಾನ್ಯ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿರಕೂಡದು. ಏಳು ಎಲೆ ಕೈಗೆ ತೆಗೆದುಕೊಂಡು, ಆರು ಎಲೆಗಳನ್ನು ಬಹುಮಾನವೆಂದು ಮಗುಚಿಡಬೇಕು. ಎದುರಾಳಿಯ ಪ್ರಾಣಿಯೊಂದನ್ನು ಕೆಡವಿದರೆ ಬಹುಮಾನದ ಎಲೆ ನಮ್ಮ ಕೈಸೇರುವುದು. ಆರನ್ನೂ ಮೊದಲು ಎತ್ತಿಕೊಂಡವನು ಗೆದ್ದನು. ಯಾವ ಎಲೆಯನ್ನು ಕಟ್ಟಿಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ಅರ್ಧ ಆಟ ಮನೆಯಲ್ಲೇ ನಡೆದುಹೋಗಿರುತ್ತದೆ. ಇದು ನಿಜಕ್ಕೂ ಸೊಗಸಾದ ಕಲ್ಪನೆ.

ಆದರೆ ಎಲೆಗಳು ದೊರೆಯುವುದು ಮುಚ್ಚಿದ ಪೊಟ್ಟಣದಲ್ಲಿ. ಒಳಗೇನಿದೆಯೆಂದು ಹಣ ಕೊಟ್ಟು ಹರಿದ ಮೇಲೆಯೇ ತಿಳಿಯುವುದು. ಬಲವಾದ ಎಲೆಗಳಲ್ಲಿ ಕೆಲವು ವಿರಳ; ಹತ್ತಾರು ಪೊಟ್ಟಣ ಹರಿದರೂ ಬಾರದಿರಬಹುದು. ಹೆಚ್ಚಾದುದನ್ನು ಕೊಟ್ಟು ಇಲ್ಲದ್ದನ್ನು ಪಡೆಯುವ ಮಕ್ಕಳ ವಿನಿಮಯವೂ ಇದೆ. ನನ್ನ ಮಾವನ ಮಗನು ಇದರಲ್ಲಿ ಸಂತೆಯ ದಲ್ಲಾಳಿಯಷ್ಟೇ ನಿಪುಣ. ಆದರೂ ಸಂತೆಗೆ ಹೋಗುವುದಕ್ಕೆ ಗಂಟಿನಲ್ಲಿ ಏನಾದರೂ ಇರಬೇಕಷ್ಟೆ.

ರಜೆ ಮುಗಿಸಿಕೊಂಡು ಬಂದವನು ಹಾಸ್ಟೆಲಿನಲ್ಲಿ ಈ ಆಟದ ಪಂದ್ಯವೊಂದನ್ನು ನಡೆಸೋಣವೆಂದು ಹೊರಟೆ. ನಮ್ಮಲ್ಲಿ ನಂಜನಗೂಡಿನ ಕಡೆಯವರದೊಂದು ಗುಂಪು, ತಿರುಮಕೂಡಲು ನರಸೀಪುರದ ಕಡೆಯ ನಮ್ಮದೊಂದು ಗುಂಪು. ಕಪಿಲೆಯಲ್ಲಿ ತಾವು ಮಿಂದ ನೀರೇ ಹರಿದು ನಮ್ಮೂರಿನ ಸಂಗಮಕ್ಕೆ ಬರುವುದೆಂದು ಅವರು, ಕಾವೇರಿ ಸೇರದಿದ್ದರೆ ನಿಮ್ಮ ಕಪಿಲೆಯನ್ನು ಕೇಳುವವರಾರೆಂದು ನಾವು. ಹೀಗೆ ಮೊದಲಿನಿಂದಲೂ ಪಂದ್ಯಕ್ಕೆ ಬೇಕಾದ ಕಾವು ಇದ್ದೇ ಇತ್ತು. ಆದರೆ ಪಂದ್ಯವು ಒಂದು ಸಂಜೆಗೇ ಮುರಿದುಬಿತ್ತು. ಇಬ್ಬರ ಬಳಿ ಒಳ್ಳೆಯ ಕಟ್ಟುಗಳಿದ್ದವು. ಉಳಿದವರು ತಮ್ಮಂದಿರಿಂದ ಬೇಡಿ ತಂದ ಚೂರುಪಾರು ಎಲೆಗಳೊಡನೆ ಕುಳಿತರು. ನಮ್ಮೂರಿನ ಮಿತ್ರನೊಬ್ಬನು, ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದವನು, ಐದು ನಿಮಿಷದಲ್ಲಿ ಸೋತು ಎದ್ದು, “ಇದರಲ್ಲಿ ನಾನು ಸೋತದ್ದೆಲ್ಲಿ ಬಂತು ಕಣಯ್ಯ? ನನ್ನ ಜೇಬು ಸೋತಿತು” ಎಂದನು.

ಇದಕ್ಕೆ ಪರಿಹಾರವನ್ನು ಆಡುವವರೇ ಕಂಡುಕೊಂಡಿದ್ದಾರೆ. ಪಂದ್ಯದ ಸ್ಥಳದಲ್ಲಿಯೇ ಎಲ್ಲರಿಗೂ ಸಮಸಂಖ್ಯೆಯ ಮುಚ್ಚಿದ ಪೊಟ್ಟಣಗಳನ್ನು ಕೊಟ್ಟು, ಅಲ್ಲಿಯೇ ಬಿಡಿಸಿ, ಸಿಕ್ಕಿದ್ದರಲ್ಲೇ ಕಟ್ಟು ಕಟ್ಟಿ ಆಡುವುದು. ನ್ಯಾಯವಾದ ಏರ್ಪಾಡು. ಆದರೆ ಒಬ್ಬೊಬ್ಬನಿಗೆ ಅಷ್ಟು ಪೊಟ್ಟಣ ಕೊಳ್ಳುವ ಹಣದಲ್ಲಿ ನಮ್ಮ ಮೆಸ್ಸಿನ ಬಿಲ್ಲು ತೀರುತ್ತದೆ.

ನಮ್ಮ ಇತಿಹಾಸದ ಅಧ್ಯಾಪಕರ ಮುಂದೆ ಈ ಗೋಳು ತೋಡಿಕೊಂಡಾಗ ಅವರು ನಕ್ಕು, “ಮೈಸೂರು ಸೀಮೆಯಲ್ಲಿ ಹುಟ್ಟಿ ಜಪಾನಿನ ಎಲೆಗೆ ಅಳುತ್ತಿದ್ದೀರಲ್ಲಯ್ಯ! ಮುಮ್ಮಡಿಯವರ ಛದಗಳನ್ನು ಕೇಳಿಲ್ಲವೆ?” ಎಂದರು. ಕೇಳಿರಲಿಲ್ಲ. ಅಂದಿನಿಂದ ಹುಡುಕಿ ತಿಳಿದದ್ದನ್ನು ಸ್ವಲ್ಪ ಬರೆಯುತ್ತೇನೆ.

ಗಂಜೀಫಾ ಎಂಬ ದುಂಡು ಎಲೆಗಳ ಆಟ ಪರ್ಷಿಯಾದ ಕಡೆಯಿಂದ ನಮ್ಮ ದೇಶಕ್ಕೆ ಬಂದುದು. ಬಾಬರನು 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫಾ ಕಳುಹಿಸಿಕೊಟ್ಟುದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಕ್ಬರನ ಆಸ್ಥಾನದಲ್ಲಿ 12 ಬಣ್ಣಗಳ, 144 ಎಲೆಗಳ ಕಟ್ಟಿತ್ತೆಂದು ಅಬುಲ್ ಫಜಲನು ವರ್ಣಿಸಿದ್ದಾನೆ. ಮುಂದೆ ಹೆಚ್ಚು ಬಳಕೆಗೆ ಬಂದದ್ದು ಎಂಟು ಬಣ್ಣದ 96 ಎಲೆಗಳ ಕಟ್ಟು. ನಮ್ಮವರು ಅದನ್ನು ಹಾಗೆಯೇ ಇಟ್ಟುಕೊಳ್ಳದೆ, ಹತ್ತು ಅವತಾರಗಳನ್ನು ಹತ್ತು ಬಣ್ಣಗಳಾಗಿ ಮಾಡಿ 120 ಎಲೆಗಳ ದಶಾವತಾರ ಕಟ್ಟನ್ನು ರೂಪಿಸಿದರು. ಅರಸುಮನೆಗಳಲ್ಲಿ ದಂತದ ಎಲೆಗಳು, ಆಮೆಚಿಪ್ಪಿನ ಎಲೆಗಳು. ಸಾಮಾನ್ಯರಿಗೆ ಬಟ್ಟೆ ಅಥವಾ ಕಾಗದಗಳನ್ನು ಅಂಟಿಸಿ ಅರಗು ಬಳಿದವು.

ಮೈಸೂರಿನಲ್ಲಿ ಇದಕ್ಕೆ ರಾಜಾಶ್ರಯ ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟವೇರಿದ ಇವರ ಕೈಯಿಂದ 1831ರಲ್ಲಿ ಆಡಳಿತವನ್ನು ಬ್ರಿಟಿಷರು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಇವರು ರಾಜ್ಯವಿಲ್ಲದ ರಾಜರು. ಚದುರಂಗ, ಪಗಡೆ, ಎಲೆಯಾಟಗಳಲ್ಲಿ ಹೊಸ ಹೊಸ ರಾಜ್ಯಗಳನ್ನು ಇವರು ಕಟ್ಟಿಕೊಂಡುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಗೋಪುರವು 1849ರಲ್ಲಿ ಎದ್ದುನಿಂತದ್ದೂ ಇವರ ಕಾಲದಲ್ಲಿಯೇ. ಒಂಬತ್ತು ನಿಧಿಗಳಾಗಿ ರಚಿತವಾದ ಇವರ ‘ಶ್ರೀತತ್ತ್ವನಿಧಿ’ಯಲ್ಲಿ ಕಡೆಯದು ಕೌತುಕನಿಧಿ, ಎಲೆಯಾಟಗಳ ವಿವರ ಅಲ್ಲಿದೆ. ಅವುಗಳಿಗೆ ಛದವೆಂದು ಹೆಸರು. ಛದವೆಂದರೂ ಎಲೆಯೆಂದೇ ಅರ್ಥ. ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಎಂದು ಹಲವು ಬಗೆ. ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಅಂಕಿಯ 12 ಎಲೆ, ಆಸ್ಥಾನದ 6 ಎಲೆ. ಬಣ್ಣಗಳು 18ರವರೆಗೆ, ಕಟ್ಟು 360 ಎಲೆಗಳವರೆಗೆ ಬೆಳೆಯುತ್ತದೆ! ಅರಮನೆಯ ಹೊರಗೆ ಇವು ಹರಡಲಿಲ್ಲವೆಂದು ವಿದ್ವಾಂಸರು ಹೇಳುವುದು ಆಶ್ಚರ್ಯವಲ್ಲ. ಮುನ್ನೂರ ಅರವತ್ತು ಎಲೆಗಳ ಲೆಕ್ಕವಿಡಲು ರಾಜ್ಯಭಾರವಿಲ್ಲದ ಬಿಡುವೇ ಬೇಕು. ಜೊತೆಗೆ ಅಗ್ಗದ ಅಚ್ಚಿನ ಇಸ್ಪೀಟೆಲೆ ಬಂದು ಕೈಯಿಂದ ಬರೆದ ಎಲೆಯನ್ನು ಎಲ್ಲ ಕಡೆಯೂ ಮೂಲೆಗೊತ್ತಿತು. ಮೈಸೂರು ಗಂಜೀಫಾಕ್ಕೆ ಈಗ ಭೌಗೋಳಿಕ ಗುರುತಿನ ಮನ್ನಣೆಯಿದೆ; ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಆ ಚಿತ್ರಕಲೆಗೆ ಮತ್ತೆ ಜೀವ ತಂದಿದ್ದಾರೆ. ಆದರೆ ನಾನು ನೋಡಿದ ಎಲೆಗಳೆಲ್ಲ ಗಾಜಿನ ಚೌಕಟ್ಟಿನೊಳಗೆ ಗೋಡೆಯ ಮೇಲೆಯೇ ಇದ್ದವು.

ಛದಗಳ ತಂಟೆಗೆ ಹೋಗದೆ ದಶಾವತಾರದ 120 ಎಲೆಗಳನ್ನೇ ನಾವು ಆರಿಸಿಕೊಂಡೆವು. ಮೂವರಿಗೆ ಒಂದು ಕಟ್ಟು. ಒಂಬತ್ತು ಜನ ಆಡುವುದರಿಂದ ಮೂರು ಕಟ್ಟು ಬೇಕು. ಲೆಕ್ಕ ಹಾಕಿದರೆ, ಅರಸರ ಅತಿ ದೊಡ್ಡ ಕಟ್ಟಿನಷ್ಟೇ, 360 ಎಲೆ! ಹಳೆಯ ಲಗ್ನಪತ್ರಿಕೆಗಳನ್ನು ಎರಡೂ ಊರುಗಳಲ್ಲಿ ಬೇಡಿ ತಂದೆವು. ಮೊದಲು ಕಾಫಿಲೋಟದ ಬಾಯಿಯ ಅಳತೆಗೆ ಕತ್ತರಿಸಿದೆವು. ನಲವತ್ತು ಎಲೆ ಒಬ್ಬನ ಕೈಯಲ್ಲಿ ನಿಲ್ಲುವುದಿಲ್ಲವೆಂದು ಆಮೇಲೆ ತಿಳಿಯಿತು. ಎಲ್ಲವನ್ನೂ ಮತ್ತೆ ಮಾತ್ರೆ ಡಬ್ಬಿಯ ಮುಚ್ಚಳದ ಅಳತೆಗೆ ಇಳಿಸಿದೆವು. ಬೆನ್ನಿನ ಕಡೆ ಚಿನ್ನದ ಅಕ್ಷರಗಳು ಇಣುಕುತ್ತಿದ್ದುದರಿಂದ ಬಿಳಿಯ ಕಾಗದ ಅಂಟಿಸಬೇಕಾಯಿತು. ಇದು ಅಲಂಕಾರಕ್ಕಲ್ಲ, ಬೆನ್ನಿನಲ್ಲಿ ‘ಚಿ॥ಸೌ॥’ ಎಂದು ಕಾಣುವ ಎಲೆ ಕಲ್ಕಿಯ ಮಂತ್ರಿಯೆಂದು ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಮೀನು, ಆಮೆ, ಶಂಖ, ಚಕ್ರ, ಕಮಂಡಲು, ಕೊಡಲಿ, ಬಾಣ ಎಂದು ಒಂದೊಂದು ಅವತಾರಕ್ಕೆ ಒಂದೊಂದು ಗುರುತು ಬರೆದೆವು. ನರಸಿಂಹನ ಬಣ್ಣ ಗುಂಜಾ ನರಸಿಂಹಸ್ವಾಮಿಯ ಊರಿನವರಾದ ನಮಗೆ ಸೇರಿದ್ದೆಂದು ನಾವು ಸಾರಿದೆವು. “ಹತ್ತು ಬಣ್ಣದಲ್ಲಿ ನಮ್ಮ ನಂಜುಂಡನಿಗೆ ಒಂದಾದರೂ ಬೇಡವೆ?” ಎಂದು ಅವರು ತಕರಾರು ತೆಗೆದರು. ಅವರ ತಕರಾರಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆಟದ ಕ್ರಮ ಹೀಗೆ. ಪ್ರತಿ ಬಣ್ಣಕ್ಕೆ 12 ಎಲೆ: ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಅಂಕಿಗಳು. ನಾಲ್ಕು ನಾಲ್ಕಾಗಿ ಹಂಚಿದರೆ ಒಬ್ಬನಿಗೆ 40 ಎಲೆ. ಆಟ ಬಲಗಡೆಗೆ ಸಾಗುವುದು. ಮೂವರೂ ಒಂದೊಂದು ಎಲೆ ಇಳಿಸಿದರೆ ಅದೊಂದು ಪಟ್ಟು. ದೊಡ್ಡ ಎಲೆಯವನಿಗೆ ಪಟ್ಟು ಸೇರಿ, ಮುಂದಿನ ಎಲೆಯನ್ನು ಅವನೇ ಮೊದಲು ಇಳಿಸುವನು. ಹಗಲಿನಲ್ಲಿ ಆಡಿದರೆ ರಾಮನ ರಾಜ ಯಾರ ಕೈಯಲ್ಲಿದ್ದಾನೋ ಅವರಿಂದ ಆಟ ಮೊದಲು. ರಾತ್ರಿಯಾದರೆ ಕೃಷ್ಣನ ರಾಜನಿಂದ. ಈ ರಾಜನ ಬೆನ್ನಿಗೆ ಒಂದು ಸಣ್ಣ ಎಲೆಯನ್ನೂ ಸೇರಿಸಿ ಇಳಿಸಬಹುದು. ಉಳಿದಿಬ್ಬರು ಎರಡೆರಡು ಎಲೆ ಒಪ್ಪಿಸಬೇಕು. ತುರುಪು ಎಂಬುದೇ ಇಲ್ಲ. ಹಳೆಯ ಆಟದ ಕಟ್ಟಳೆಗಳೆಲ್ಲವನ್ನೂ ನಾವು ಇಟ್ಟುಕೊಳ್ಳಲಿಲ್ಲ; ಕೈಯಲ್ಲಿ ಅದೇ ಬಣ್ಣವಿದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಯಾವುದನ್ನಾದರೂ ಎಸೆಯಬಹುದು ಎಂದು ಸುಲಭಗೊಳಿಸಿಕೊಂಡೆವು.

ತಲೆ ತಿರುಗಿಸುವ ಕಟ್ಟಳೆ ಒಂದಿದೆ. ಅರ್ಧ ಬಣ್ಣಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನರ್ಧದಲ್ಲಿ ಇದು ತಲೆಕೆಳಗು: ಒಂದು ದೊಡ್ಡದು, ಹತ್ತು ಚಿಕ್ಕದು. ನಾವು ಮತ್ಸ್ಯದಿಂದ ವಾಮನನವರೆಗೆ ಹತ್ತು ದೊಡ್ಡದೆಂದೂ, ಪರಶುರಾಮನಿಂದ ಕಲ್ಕಿಯವರೆಗೆ ಒಂದು ದೊಡ್ಡದೆಂದೂ ಇಟ್ಟುಕೊಂಡೆವು. ಯುರೋಪಿನ ಕೆಲವು ಹಳೆಯ ಆಟಗಳಲ್ಲಿಯೂ ಇಂಥದೇ ತಿರುವು ಇದೆಯಂತೆ. ಒಂದು ಬಣ್ಣದಲ್ಲಿ ಇನ್ನೂ ಆಡದೆ ಉಳಿದಿರುವ ಎಲೆಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಹುಕುಂ ಎಂದು ಹೆಸರು. ರಾಜ ಹೋದರೆ ಮಂತ್ರಿ ಹುಕುಂ, ಮಂತ್ರಿ ಹೋದರೆ ಹತ್ತೋ ಒಂದೋ. ಹತ್ತು ಬಣ್ಣಗಳಲ್ಲಿ ಯಾವ ಗಳಿಗೆಯಲ್ಲಿ ಯಾವುದು ಹುಕುಂ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಂಡವರಿಗೆ ಪಟ್ಟು. ಬರೆದುಕೊಳ್ಳಕೂಡದು.

ಇನ್ನು ಪಂದ್ಯದ ಏರ್ಪಾಡು. ಸೋತವನನ್ನು ಕೂಡಲೇ ಹೊರಗೆ ಹಾಕುವ ಪದ್ಧತಿಯಿಟ್ಟರೆ ಬಸ್ಸಿಗೆ ಹಣ ಕೊಟ್ಟು ಬಂದವನು ಹನ್ನೊಂದು ಗಂಟೆಗೇ ಮನೆಗೆ ಹಿಂತಿರುಗಬೇಕಾಗುತ್ತದೆ. ಚದುರಂಗದವರು 1895ರಲ್ಲಿ ಸ್ವಿಟ್ಸರ್ಲೆಂಡಿನ ಜೂರಿಚ್ ನಗರದಲ್ಲಿ ಮೊದಲು ಬಳಸಿದ ಸ್ವಿಸ್ ಪದ್ಧತಿಯನ್ನು ಪೋಕೆಮಾನ್ ಪಂದ್ಯಗಳಲ್ಲಿಯೂ ಅನುಸರಿಸುವರು. ಅದನ್ನೇ ನಾವು ಮೂವರ ಆಟಕ್ಕೆ ಹೊಂದಿಸಿಕೊಂಡೆವು. ಮೇಜಿನಲ್ಲಿ ಮೊದಲನೆಯವನಿಗೆ ಎರಡು ಅಂಕ, ಎರಡನೆಯವನಿಗೆ ಒಂದು, ಮೂರನೆಯವನಿಗೆ ಸೊನ್ನೆ. ಮುಂದಿನ ಸುತ್ತಿನಲ್ಲಿ ಎರಡರವರೆಲ್ಲ ಒಂದು ಮೇಜು, ಒಂದರವರು ಒಂದು, ಸೊನ್ನೆಯವರು ಒಂದು. ಎರಡು ಸುತ್ತು ಮುಗಿದಾಗ ಒಬ್ಬನಿಗೆ ನಾಲ್ಕು, ಇಬ್ಬರಿಗೆ ಮೂರು, ಮೂವರಿಗೆ ಎರಡು, ಇಬ್ಬರಿಗೆ ಒಂದು, ಒಬ್ಬನಿಗೆ ಸೊನ್ನೆ ಬಂದೇ ತೀರುವುದು. ಮೂರನೆಯ ಸುತ್ತಿಗೆ ಮೂರು ಮೇಜು ತಾನಾಗಿಯೇ ಸಿದ್ಧ. ಬೇಕಾದರೆ ಲೆಕ್ಕ ಹಾಕಿ ನೋಡಿ. ಅಂಕ ಸಮವಾದರೆ ಒಟ್ಟು ಪಟ್ಟುಗಳ ಎಣಿಕೆ.

ಮೊದಲೆರಡು ಸುತ್ತು ಒಂದು ಭಾನುವಾರ ನಂಜನಗೂಡಿನಲ್ಲಿ, ಮಿತ್ರನೊಬ್ಬನ ಮನೆಯ ಜಗಲಿಯಲ್ಲಿ. ಹೋಗಿ ಕುಳಿತು ಕಟ್ಟು ಬಿಚ್ಚುವಷ್ಟರಲ್ಲಿ ಅವನ ಅಜ್ಜಿ ಹೊರಗೆ ಬಂದರು.

“ಈ ಜಗಲೀಲಿ ಎಲೆ ಹಾಕೋದು ಊಟಕ್ಕೆ, ಇಲ್ಲ ಅಂದ್ರೆ ತಾಂಬೂಲಕ್ಕೆ. ಇನ್ನೊಂದು ಎಲೆಗೆ ನಮ್ಮ ಹೊಳೆದಂಡೆ ಗದ್ದೆ ಹೋಯ್ತು. ಸಾಕು.”

ಗದ್ದೆ ಕಳೆದವರು ಆಕೆಯ ಯಜಮಾನರು. ಮಿತ್ರನು ಇದನ್ನು ನಮಗೆಂದೂ ಹೇಳಿರಲಿಲ್ಲ. ನಾವು ಎಲೆಗಳನ್ನು ಬಾಚಿ ಚೀಲಕ್ಕೆ ತುಂಬತೊಡಗಿದೆವು. ನಮ್ಮಲ್ಲಿ ಕಾನೂನು ಓದುವ ಹಂಬಲವಿದ್ದ ಒಬ್ಬನು ಮಾತ್ರ ಸುಮ್ಮನಿರಲಿಲ್ಲ. ಇಸ್ಪೀಟಿನ ರಮ್ಮಿಯಲ್ಲಿಯೇ ಯಾವ ಎಲೆ ಬಿತ್ತೆಂಬ ನೆನಪು, ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂಬ ಜಾಣ್ಮೆ ಮುಖ್ಯವೆಂದು ಸುಪ್ರೀಂ ಕೋರ್ಟು 1967ರಲ್ಲಿ, ಆಂಧ್ರಪ್ರದೇಶ ಸರ್ಕಾರಕ್ಕೂ ಸತ್ಯನಾರಾಯಣ ಎಂಬುವರಿಗೂ ನಡೆದ ಮೊಕದ್ದಮೆಯಲ್ಲಿ, ಹೇಳಿದೆ. ಮೂರೆಲೆಯ ಆಟದಂತೆ ಅದು ಬರೀ ಅದೃಷ್ಟದ್ದಲ್ಲ, ಎಂದು ವಿವರಿಸಿದನು. ಅಜ್ಜಿ ಪೂರ್ತಿ ಕೇಳಿದರು. “ಅವರೂ ಜಾಣ್ರೇ ಕಣಪ್ಪ. ಗದ್ದೆ ಬರೆಸಿಕೊಂಡವನು ಇನ್ನೂ ಜಾಣ” ಎಂದರು.

ಆ ಮಾತಿಗೆ ಕೋರ್ಟಿನ ತೀರ್ಪಿನಲ್ಲಿಯೂ ಸಮಾಧಾನವಿಲ್ಲವೆಂದು ನನಗೆ ಅನ್ನಿಸಿತು. ಜಾಣ್ಮೆಯ ಆಟವಾದ ಮಾತ್ರಕ್ಕೆ ಹಣವಿಟ್ಟರೆ ಹಣ ಹೋಗುವುದಿಲ್ಲವೆ? ಹಣ ಕಟ್ಟಿ ಫೋನಿನಲ್ಲಿ ಆಡುವ ಆಟಗಳನ್ನು ಜಾಣ್ಮೆ, ಅದೃಷ್ಟವೆಂದು ಭೇದವೆಣಿಸದೆ ನಿಷೇಧಿಸುವ ಕಾನೂನನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿತಷ್ಟೆ. ಅಜ್ಜಿಯ ತರ್ಕವೂ ಅದೇ. ಗಂಜೀಫಾದಲ್ಲಿಯೂ ನಕ್ಷ್ ಎಂಬ ಜೂಜಿನ ಆಟವಿತ್ತು. ಎಲೆಗಳು ದೇವರ ಚಿತ್ರ ಹೊತ್ತವೆಂದು ಆಡುವವರು ದೇವರಾಗಲಿಲ್ಲ.

ಕೊನೆಗೆ ಅಜ್ಜಿಯೇ ಒಂದು ಎಲೆಯನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು, “ಇದು ಆಮೆಯೋ, ಹೂಕೋಸೋ?” ಎಂದು ಕೇಳಿದರು. ಕೂರ್ಮಾವತಾರವೆಂದೆವು. ಷರತ್ತು ಹಾಕಿದರು: ಜಗಲಿಯ ಮೇಲೆ ಬಿಡಿಗಾಸು ಕಾಣಕೂಡದು, ಅಡಿಕೆಚೂರನ್ನೂ ಪಣವಿಡಕೂಡದು, ತಾವು ಅಲ್ಲಿಯೇ ಕುಳಿತಿರುವುದಾಗಿಯೂ ಹೇಳಿದರು. ಅಷ್ಟರಲ್ಲಿ ನಮ್ಮೂರಿನ ಒಬ್ಬನಿಗೆ ಬಸ್ಸು ತಪ್ಪಿದೆಯೆಂದು ಸುದ್ದಿ ಬಂತು. ಎಂಟು ಜನಕ್ಕೆ ಮೇಜು ಹೊಂದದು. ಮಿತ್ರನ ತಂಗಿ, ನಮ್ಮ ಕಾಲೇಜಿನಲ್ಲೇ ಮೊದಲನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿ, ಒಂಬತ್ತನೆಯವಳಾಗಿ ಬಂದು ಕುಳಿತಳು. ಎಲೆ ಹಿಡಿದದ್ದು ಅದೇ ಮೊದಲು. ಅಳಗುಳಿ ಮಣೆಯಲ್ಲಿ ಮಾತ್ರ ಅಜ್ಜಿಯನ್ನು ಸೋಲಿಸುವಷ್ಟು ಪಳಗಿದವಳಂತೆ.

ಮೊದಲ ಸುತ್ತಿನಲ್ಲಿ ಅವಳು, ಜೇಬು ಸೋತಿತೆಂದ ಆ ಮಿತ್ರ ಮತ್ತು ನಾನು ಒಂದು ಮೇಜು. ಇಪ್ಪತ್ತು ಪಟ್ಟುಗಳವರೆಗೆ ನಾನು ಎಲ್ಲವನ್ನೂ ಲೆಕ್ಕವಿಟ್ಟಿದ್ದೆ. ಆಮೇಲೆ ಒಂದೊಂದಾಗಿ ಬಣ್ಣಗಳು ನೆನಪಿನಿಂದ ಜಾರತೊಡಗಿದವು. ಅವಳು ವಾಮನನನ್ನು ಇಳಿಸಿದಳು. ನನ್ನಲ್ಲಿ ವಾಮನನ ಎಲೆಯಿರಲಿಲ್ಲ. ಕೆಲಸಕ್ಕೆ ಬಾರದ್ದೆಂದು ಪರಶುರಾಮನ ಒಂದನ್ನು ಎಸೆದೆ. ಪರಶುರಾಮನ ರಾಜನೂ ಮಂತ್ರಿಯೂ ಆಗಲೇ ಹೋಗಿದ್ದರು. ಆ ಬಣ್ಣದಲ್ಲಿ ಒಂದು ಎಂದರೆ ದೊಡ್ಡದು. ನಾನು ಎಸೆದದ್ದು ಹುಕುಂ. ಅವಳು ಎಲೆಯನ್ನು ಒಮ್ಮೆ ನೋಡಿ ಏನೂ ಹೇಳದೆ, ಮರುಗಳಿಗೆಯೇ ಪರಶುರಾಮನ ಎರಡನ್ನು ಇಳಿಸಿ ಪಟ್ಟು ಎತ್ತಿಕೊಂಡಳು. ಅವಳಿಗೆ ಹದಿನೇಳು ಪಟ್ಟು, ಮಿತ್ರನಿಗೆ ಹದಿನಾಲ್ಕು, ನನಗೆ ಒಂಬತ್ತು.

ಎರಡನೆಯ ಸುತ್ತಿನಲ್ಲಿ ಸೊನ್ನೆಯವರ ಮೇಜಿನಲ್ಲಿ ನಾನು ಹದಿನೆಂಟು ಪಟ್ಟು ಗೆದ್ದು ಮಾನ ಉಳಿಸಿಕೊಂಡೆ. ಸ್ವಿಸ್ ಪದ್ಧತಿಯ ಗುಣ ನನಗೆ ಆಗ ಮನದಟ್ಟಾಯಿತು. ಮೇಲಿನ ಮೇಜಿನಲ್ಲಿ ಅವಳು ಹದಿನೈದು ಪಟ್ಟಿನೊಡನೆ ಮತ್ತೆ ಮೊದಲಿಗಳು. ನಡುಮೇಜಿನಲ್ಲಿ ನಮ್ಮ ಮಿತ್ರನು ಹದಿನಾರರೊಡನೆ ಮೊದಲಿಗ.

ಮುಂದಿನ ಭಾನುವಾರ ಮೂರನೆಯ ಸುತ್ತು ನಮ್ಮೂರಿನಲ್ಲಿ. ಸಂಗಮದಲ್ಲಿ ಮೀಯುವ ನೆಪ ಮಾಡಿಕೊಂಡು ಅಜ್ಜಿಯೂ ಮೊಮ್ಮಕ್ಕಳೊಡನೆ ಬಂದರು. ರಾತ್ರಿ ನಮ್ಮಲ್ಲಿಯೇ ಉಳಿಯುವುದೆಂದು ಗೊತ್ತಾಗಿತ್ತು. ದೀಪ ಹಚ್ಚಿದ ಮೇಲೆ ಆಟಕ್ಕ ಕುಳಿತೆವು. ಆದುದರಿಂದ ಈ ಸಲ ಕೃಷ್ಣನ ರಾಜನಿಂದ ಆರಂಭ. ನಡುಮೇಜಿನಲ್ಲಿ ನಾನು ಎರಡನೆಯವನಾದೆ. ಅದರ ಮಾತು ಬೇಡ. ಮೇಲಿನ ಮೇಜಿನ ಸುತ್ತ ಎಲ್ಲರೂ ನೆರೆದರು. ಕಡೆಯ ಪಟ್ಟಿನಲ್ಲಿ ನಮ್ಮ ಮಿತ್ರನು ನರಸಿಂಹನ ಮೂರನ್ನು ಇಳಿಸಿ ಗೆದ್ದಾಗ ನಮ್ಮ ಗುಂಪು ಮನೆಯ ಮಾಡು ಹಾರುವಂತೆ ಕೂಗಿತು. ಅವನಿಗೆ ಹದಿನೈದು, ಅವಳಿಗೆ ಹದಿನಾಲ್ಕು, ಮೂರನೆಯವನಿಗೆ ಹನ್ನೊಂದು. ಅಂಕ ಕೂಡಿದರೆ ಇಬ್ಬರಿಗೂ ಐದೈದು. ಪಟ್ಟು ಎಣಿಸಿದರೆ ಅವಳಿಗೆ ನಲವತ್ತಾರು, ಅವನಿಗೆ ನಲವತ್ತೈದು.

ಆ ಒಂದು ಪಟ್ಟು ಎಲ್ಲಿಂದ ಬಂತೆಂದು ಹುಡುಕಲು ಯಾರಿಗೂ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪರಶುರಾಮನ ಒಂದನ್ನು ಎಸೆದ ಪುಣ್ಯಾತ್ಮ ಇದೇ ಊರಿನವನೆಂದು ನಂಜನಗೂಡಿನವರು ನನಗೆ ಹೂಮಾಲೆ ಹಾಕಲು ಬಂದರು. ನಮ್ಮವರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಸೋತ ಮಿತ್ರನು ಮಾತ್ರ, “ಈ ಸಲ ನಾನೇ ಸೋತೆ ಕಣಯ್ಯ” ಎಂದು ನಗುತ್ತ ಎಲೆಗಳನ್ನು ಜೋಡಿಸಿ ಕಟ್ಟಿದನು.

ಮೂರು ಕಟ್ಟುಗಳಲ್ಲಿ ಒಂದನ್ನು ಅಜ್ಜಿ ತೆಗೆದುಕೊಂಡು ಹೋದರು. ವಾಮನನ ಎಂಟು ಎಲ್ಲಿಯೋ ಕಳೆದುಹೋಗಿದ್ದರಿಂದ ಅದಕ್ಕೆ ಬದಲು ಬೇರೊಂದು ಮಾಡಿ ಕಳುಹಿಸಿದ್ದೇವೆ. ಆದರೆ ಹೊಸ ಕಾಗದವಾದುದರಿಂದ ಅದರ ಬೆನ್ನು ಉಳಿದವುಗಳಿಗಿಂತ ಬಿಳುಪಾಗಿದೆ. ಆ ಜಗಲಿಯಲ್ಲಿ ಆಡಹೋಗುವವರು ಅದನ್ನು ಕಂಡೂ ಕಾಣದಂತಿರಬೇಕು. ಅಜ್ಜಿಗೂ ಹಾಗೆಯೇ ಹೇಳಿದ್ದೇವೆ, ಆಕೆ ಒಪ್ಪಿಲ್ಲ.